ಮೊಬೈಲ್ ಆಪ್‌ಗಳ ಮುಕ್ತ ಅಳವಡಿಕೆ: ಅನುಕೂಲವೋ ಅಪಾಯವೋ?

2024ರ ಮಾರ್ಚ್ 1ರಂದು ಗೂಗಲ್ ಸಂಸ್ಥೆಯು ಶುಲ್ಕದ ವಿವಾದದ ಕಾರಣ ಹತ್ತು ಭಾರತೀಯ ಕಂಪನಿಗಳ ಆಪ್‌ಗಳನ್ನು ತನ್ನ ಪ್ಲೇ ಸ್ಟೋರ್‌ನಿಂದ ತೆಗೆಯಲಾರಂಭಿಸಿತು. ನೌಕ್ರಿ, ಭಾರತ್ ಮ್ಯಾಟ್ರಿಮೊನಿಯಂತಹ ಮನೆಮಾತಾದ ಹೆಸರುಗಳೂ ಅವುಗಳಲ್ಲಿದ್ದವು. ಕೇಂದ್ರ ಸರ್ಕಾರ ಮಧ್ಯೆ ಪ್ರವೇಶಿಸಿದ ಮೇಲೆ ಕೆಲವೇ ದಿನಗಳಲ್ಲಿ ಅವು ಹಿಂತಿರುಗಿದವು. ಸರ್ಕಾರದ ಗಮನ ಸೆಳೆಯುವಷ್ಟು ದೊಡ್ಡದಲ್ಲದ ಉದ್ದಿಮೆಗೆ ಹೀಗಾದರೆ ಗತಿಯೇನು ಎಂಬುದು ಮಾತ್ರ ಉಳಿದುಕೊಂಡ ಪ್ರಶ್ನೆ.

ಆಪಲ್ ತನ್ನ ಐಫೋನಿಗೆ ಸ್ವಂತ ಮಳಿಗೆಯೊಂದನ್ನೇ ಬಾಗಿಲಾಗಿ ಇರಿಸಿಕೊಂಡು ಬಂದ ಕಂಪನಿ. ಐರೋಪ್ಯ ಒಕ್ಕೂಟದಲ್ಲಿ 2024ರ ಮಾರ್ಚ್‌ನಲ್ಲಿ ಅನ್ಯ ಮಳಿಗೆಗಳಿಗೆ ಅವಕಾಶ ನೀಡಿದ್ದೂ ಅಲ್ಲಿನ ಕಾನೂನಿನ ಒತ್ತಾಯದಿಂದ. ಆಂಡ್ರಾಯ್ಡ್‌ನಲ್ಲಿ ಹೊರಗಿನಿಂದ ಆಪ್ ಅಳವಡಿಸಲು ಮೊದಲಿನಿಂದಲೂ ಸಾಧ್ಯವಿದೆ, ಆದರೆ ಎಚ್ಚರಿಕೆಯ ಸಂದೇಶಗಳನ್ನೂ ಅನುಮತಿಗಳನ್ನೂ ದಾಟಿ ಹೋಗಬೇಕು. ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿದಾಗ, ಇಂತಹ ಅಳವಡಿಕೆಗೆ ಅಡ್ಡಿಪಡಿಸಬಾರದೆಂದೂ, ಅನ್ಯ ಮಳಿಗೆಗಳನ್ನು ಪ್ಲೇ ಸ್ಟೋರ್‌ನಲ್ಲಿಯೇ ದೊರಕಿಸಬೇಕೆಂದೂ ನಿರ್ದೇಶಿಸಿತ್ತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿದು, ಈ ಎರಡು ನಿರ್ದೇಶನಗಳನ್ನು ರದ್ದುಪಡಿಸಿತು. ವರ್ತಕರಿಗೆ ದಂಡದ ಮೊತ್ತಕ್ಕಿಂತ ಇವೇ ಮುಖ್ಯವಾಗಿದ್ದವು.

ಬೆಂಗಳೂರಿನ ಫೋನ್‌ಪೇ ಸಂಸ್ಥೆಯು 2024ರ ಫೆಬ್ರವರಿಯಲ್ಲಿ ಇಂಡಸ್ ಆಪ್‌ಸ್ಟೋರ್ ಆರಂಭಿಸಿ, ಮೊದಲ ವರ್ಷ ನೋಂದಣಿ ಶುಲ್ಕವಿಲ್ಲವೆಂದು ಪ್ರಕಟಿಸಿದಾಗ ಪೈಪೋಟಿಯ ಪ್ರಯೋಜನ ಕಣ್ಣಿಗೆ ಕಂಡಿತು. ಹನ್ನೆರಡು ಭಾರತೀಯ ಭಾಷೆಗಳಲ್ಲಿ ಮಳಿಗೆಯನ್ನು ಒದಗಿಸಿದ್ದು ಅದರ ಇನ್ನೊಂದು ವಿಶೇಷ.

ಇನ್ನು ಅಪಾಯದ ಮಾತು. ಅದು ಕಾಲ್ಪನಿಕವಲ್ಲ. ವಾಟ್ಸ್‌ಆಪ್‌ನಲ್ಲಿ ಮದುವೆಯ ಕರೆಯೋಲೆ, ಸಂಚಾರ ದಂಡದ ಚಲನ್ ಅಥವಾ ಬ್ಯಾಂಕಿನ ಕೆವೈಸಿ ಎಂಬ ಹೆಸರಿನಲ್ಲಿ 'ಎಪಿಕೆ' ಕಡತವೊಂದು ಬರುತ್ತದೆ. ತೆರೆದು ಅಳವಡಿಸಿದೊಡನೆ ಅದು ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಅನುಮತಿ ಕೊಟ್ಟರೆ ಬ್ಯಾಂಕಿನ ಓಟಿಪಿ ವಂಚಕನ ಕೈ ಸೇರುತ್ತದೆ. ಅಂಗಡಿಯ ಚಾಲ್ತಿ ಖಾತೆಗೆ ಜೋಡಿಸಿದ ಫೋನನ್ನೇ ಗುಮಾಸ್ತರ ಕೈಗೂ ಮಕ್ಕಳ ಕೈಗೂ ಕೊಡುವ ರೂಢಿ ನಮ್ಮಲ್ಲಿ ಸಾಮಾನ್ಯವಾದುದರಿಂದ ನಷ್ಟ ಮನೆಯಷ್ಟಕ್ಕೇ ನಿಲ್ಲುವುದಿಲ್ಲ. ಹಾಗೇನಾದರೂ ಆದಲ್ಲಿ ಫೋನಿನ ಇಂಟರ್‌ನೆಟ್ ಸಂಪರ್ಕ ಕಡಿದು, ಬೇರೊಂದು ಫೋನಿನಿಂದ ಬ್ಯಾಂಕಿಗೂ 1930 ಸಹಾಯವಾಣಿಗೂ ತಡಮಾಡದೆ ತಿಳಿಸತಕ್ಕದ್ದು. ಸೆಟ್ಟಿಂಗ್ಸ್‌ನಲ್ಲಿ ವಾಟ್ಸ್‌ಆಪ್‌ಗೂ ಬ್ರೌಸರ್‌ಗೂ ಅಪರಿಚಿತ ಆಪ್ ಅಳವಡಿಸುವ ಅನುಮತಿ ನೀಡಲಾಗಿದೆಯೇ ಎಂದು ಇಂದೇ ನೋಡಿಕೊಳ್ಳುವುದು ಒಳಿತು.

ಆದರೆ ಅಪರಿಚಿತನು ಕಳುಹಿಸಿದ ಕಡತವೂ, ಹೆಸರು ವಿಳಾಸವುಳ್ಳ ಕಂಪನಿಯ ಮಳಿಗೆಯೂ ಒಂದೇ ಅಲ್ಲ. ಎರಡನ್ನೂ 'ಹೊರಗಿನದು' ಎಂಬ ಒಂದೇ ಮಾತಿನಲ್ಲಿ ಸೇರಿಸಿದರೆ ಲಾಭವಾಗುವುದು ಈಗಾಗಲೇ ಬಾಗಿಲಲ್ಲಿ ಕುಳಿತವರಿಗೆ. ತಯಾರಕರ ಗುರುತನ್ನು ಪರಿಶೀಲಿಸಿದ ಆಪ್‌ಗಳಿಗೆ ಮಾತ್ರ ಅವಕಾಶವೆಂಬ ಯೋಜನೆಯನ್ನು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಟೀಕೆಗಳ ನಂತರ ನವೆಂಬರ್‌ನಲ್ಲಿ ಅನುಭವಿ ಬಳಕೆದಾರರಿಗೆ ಪ್ರತ್ಯೇಕ ಮಾರ್ಗದ ಭರವಸೆ ನೀಡಿತು. ಗುರುತು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಆ ವಹಿ ಇರಬೇಕಾದುದು ಯಾರ ಬಳಿ? ಮಾರುಕಟ್ಟೆ ಪ್ರಾಂಗಣದ ಲೈಸೆನ್ಸ್ ವಹಿಯನ್ನು ಸಮಿತಿಯ ಬದಲು ಅಲ್ಲಿನ ಅತಿ ದೊಡ್ಡ ಮಂಡಿಯವರೇ ಇಟ್ಟುಕೊಳ್ಳುವುದಾದರೆ, ಉಳಿದ ವರ್ತಕರು ಒಪ್ಪಲಾರರು.