ಶಿಕ್ಷಣತತ್ತ್ವವೂ ಬೋಧನಕ್ರಮವೂ: ಯಾದಗಿರಿ ಸೀಮೆಯ ನಿದರ್ಶನ

ಏನನ್ನು ಕಲಿಸಬೇಕು, ಹೇಗೆ ಕಲಿಸಬೇಕು ಎಂದು ನಿರ್ಧರಿಸುವ ಮೊದಲೇ, ಜ್ಞಾನವೆಂದರೇನು, ಮಗುವಿನ ಸ್ವಭಾವವೆಂತಹುದು ಎಂಬ ಪ್ರಶ್ನೆಗಳಿಗೆ ಪ್ರತಿಯೊಂದು ಶಾಲೆಯೂ ಅರಿತೋ ಅರಿಯದೆಯೋ ಉತ್ತರ ಕೊಟ್ಟಿರುತ್ತದೆ. ಯಾದಗಿರಿ, ಶಹಾಪುರ, ಸುರಪುರಗಳ ಚರಿತ್ರೆಯಲ್ಲಿ ಇದನ್ನು ನಾವು ಸ್ಪಷ್ಟವಾಗಿ ಕಾಣಬಹುದು.

ಹಿಂದಿನ ಐಗಳ ಶಾಲೆಯ ದೃಷ್ಟಿಯಲ್ಲಿ ಜ್ಞಾನವು ಗುರುವಿನಿಂದ ಶಿಷ್ಯನಿಗೆ ಇಳಿದುಬರುವ ನಿಧಿ. ಅದನ್ನು ಕಾಯುವುದು ಸ್ಮೃತಿ. ಆದುದರಿಂದಲೇ ಮರಳಿನ ಮೇಲೆ ಅಕ್ಷರ ತಿದ್ದುವುದೂ ಮಗ್ಗಿಯನ್ನು ಬಾಯಿಪಾಠ ಮಾಡಿ ಒಪ್ಪಿಸುವುದೂ ಅಲ್ಲಿನ ಬೋಧನಕ್ರಮವಾದವು.

ಈ ಸೀಮೆಯು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1918ರಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಪರಭಾಷೆಯಾದ ಇಂಗ್ಲಿಷಿನ ಮೂಲಕ ಕಲಿತರೆ ಬುದ್ಧಿಯು ಸ್ವತಂತ್ರವಾಗಿ ಬೆಳೆಯದು, ಉನ್ನತ ಶಿಕ್ಷಣವೂ ದೇಶಭಾಷೆಯಲ್ಲಿಯೇ ನಡೆಯಬೇಕು ಎಂಬುದು ಅದರ ಆಶಯ. ತತ್ತ್ವವು ಉದಾತ್ತವಾದುದೇ. ಆದರೆ ಆರಿಸಿಕೊಂಡ ಭಾಷೆ ಉರ್ದು. ಅಲ್ಲಿಗೆ ವಿದ್ಯಾರ್ಥಿಗಳನ್ನು ಅಣಿಗೊಳಿಸುವ ಸರಕಾರಿ ಪ್ರೌಢಶಾಲೆಗಳಲ್ಲಿಯೂ ಅದೇ ಮಾಧ್ಯಮವಾಯಿತು. ಮನೆಯಲ್ಲಿ ಕನ್ನಡವಾಡುವ ಬಾಲಕನಿಗೆ ಇಂಗ್ಲಿಷಿನಂತೆ ಅದೂ ಪರಭಾಷೆಯೇ. ಸ್ವಭಾಷೆಯ ಹೆಸರಿನ ತತ್ತ್ವವೇ ಅವನ ಸ್ವಭಾಷೆಯನ್ನು ಮೇಲಿನ ತರಗತಿಗಳ ಹೊರಗೆ ನಿಲ್ಲಿಸಿತು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಗಿ, 1956ರಲ್ಲಿ ಈ ಸೀಮೆಯು ಮೈಸೂರು ರಾಜ್ಯವನ್ನು ಸೇರಿದ ಬಳಿಕ ಕನ್ನಡ ಮಾಧ್ಯಮವು ನೆಲೆಗೊಂಡಿತು.

ಅನುಭವದಿಂದಲೇ ಅರಿವು ಎಂಬ ಮತವನ್ನು ಅಮೆರಿಕದ ಜಾನ್ ಡ್ಯೂಯಿಯು 1916ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ಅದಕ್ಕೆ ಸಮೀಪವಾದ ಭಾವನೆಯೇ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ, ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿಯ ಮೂಲ. ಇಲ್ಲಿ ಮಗು ತನ್ನ ವೇಗಕ್ಕೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಕಾರ್ಡುಗಳ ಮೂಲಕ ಕಲಿಯುತ್ತದೆ. ಶಿಕ್ಷಕನು ಒಪ್ಪಿಸಿಕೊಳ್ಳುವವನಲ್ಲ, ಜೊತೆಗೆ ಕುಳಿತು ನಡೆಸುವವನು.

ಆದರೂ 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡ 51.83 ಮಾತ್ರ, ರಾಜ್ಯದಲ್ಲಿಯೇ ಕನಿಷ್ಠ. ಇದಕ್ಕೆ ಬಡತನ, ಗುಳೆ ಮೊದಲಾದ ಕಾರಣಗಳಿವೆ. ಆದರೆ ಚರಿತ್ರೆಯು ಕಲಿಸುವ ಪಾಠವೊಂದನ್ನು ನಾವು ಮರೆಯಲಾಗದು. ತಾಂಡಾದಲ್ಲಿ ಲಂಬಾಣಿಯನ್ನೂ ಗುರುಮಠಕಲ್ ಗಡಿಯಲ್ಲಿ ತೆಲುಗನ್ನೂ ಆಡುವ ಮಗುವಿಗೆ ಇಂದಿನ ನಮ್ಮ ಕನ್ನಡ ಪಠ್ಯವು, ಅಂದು ಕನ್ನಡದ ಬಾಲಕನಿಗೆ ಉರ್ದು ಇದ್ದಂತೆಯೇ ತೋರಬಹುದು. ಕನ್ನಡವನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಮನೆಮಾತಿನಿಂದ ಕನ್ನಡಕ್ಕೆ ಸೇತುವೆ ಕಟ್ಟಬೇಕೆಂದು ಅರ್ಥ. ತತ್ತ್ವವು ಎಷ್ಟೇ ಉದಾತ್ತವಾಗಿರಲಿ, ಎದುರಿಗೆ ಕುಳಿತ ಮಗು ಯಾರದೆಂದು ಕೇಳದ ತತ್ತ್ವವು ಬೋಧನೆಯಲ್ಲಿ ಸಫಲವಾಗದು.