ಎರಡಾಣೆಯಿಂದ ಬೆಳೆದ ಬ್ಯಾಂಕು



ಮೇ ತಿಂಗಳು ಮುಗಿಯುತ್ತ ಬಂದಂತೆ ನಮ್ಮ ಸಂಘದ ಕಚೇರಿಗೆ ಬರುವ ಅನೇಕರ ಮಾತು ಒಂದೇ: “ಮಳೆ ಹಿಡಿಯುವ ಮೊದಲು ಅಡಿಕೆಗೆ ಔಷಧಿ ಹೊಡೆಸಬೇಕು, ಮೈಲುತುತ್ತಕ್ಕೆ ದುಡ್ಡಿಲ್ಲ, ಏನಾದರೂ ದಾರಿ ಮಾಡಿ ಕಾರ್ಯದರ್ಶಿಗಳೇ.” ಎರಡು ಮೂರು ತಿಂಗಳ ಹಿಂದೆಯಷ್ಟೇ ಕಾಫಿ ಮಾರಿದ ಹಣ ಇವರ ಕೈಗೆ ಬಂದಿರುತ್ತದೆ. ಸಾಲ ಸಿಗದವರು ಮುಂದಿನ ಫಸಲು ತೋರಿಸಿ ವ್ಯಾಪಾರಿಯಿಂದ ಮುಂಗಡ ತರುತ್ತಾರೆ. ಆಮೇಲೆ ಅವನು ಹೇಳಿದ ದರಕ್ಕೇ ಮಾರುತ್ತಾರೆ. ನಾವೂ ಬೆಳೆಗಾರರೇ, ಆ ದಾರಿಯಲ್ಲಿ ನಡೆದು ಕೈ ಸುಟ್ಟುಕೊಂಡವರೇ. ಆದ್ದರಿಂದ ಈ ಸಲ ಸಣ್ಣ ಉಳಿತಾಯದಿಂದ ಬೆಳೆದ ಸಿಂಡಿಕೇಟ್ ಬ್ಯಾಂಕಿನ ಕಥೆಯನ್ನು ಹೇಳಬಯಸುತ್ತೇವೆ.

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ ಈ ಸಂಸ್ಥೆಯನ್ನು ಹುಟ್ಟುಹಾಕಿದರು. ಉಪೇಂದ್ರ ಅನಂತ ಪೈ ವ್ಯಾಪಾರಸ್ಥರು, ವಾಮನ ಕುಡ್ವರು ಎಂಜಿನಿಯರು, ಡಾ. ಟಿ. ಎಂ. ಎ. ಪೈ ವೈದ್ಯರು. ಆಗ ಕೈಮಗ್ಗದ ಕಸುಬು ನೆಲಕಚ್ಚಿ ನೇಕಾರರು ಕಂಗಾಲಾಗಿದ್ದರು. ಅವರಿಗೆ ಹಣಕಾಸಿನ ನೆರವು ಒದಗಿಸುವುದು ಮೊದಲ ಉದ್ದೇಶ. ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಎಂಬ ಉದ್ದನೆಯ ಹೆಸರು. ಬಂಡವಾಳವೋ ಬರೀ 8,000 ರೂಪಾಯಿ.

ಸಾಲ ಕೊಡಬೇಕಾದರೆ ಠೇವಣಿ ಬೇಕು. ಬಡವರಿಂದ ಠೇವಣಿ ಬರುವುದು ಹೇಗೆ? ಇದಕ್ಕೆ 1928ರಲ್ಲಿ ಕಂಡ ಉತ್ತರವೇ ಪಿಗ್ಮಿ ಠೇವಣಿ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನ ಏಜೆಂಟರೇ ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಬಂದು ಪಡೆಯುತ್ತಿದ್ದರು. ಲೆಕ್ಕ ಹಾಕಿ ನೋಡಿ: ದಿನಕ್ಕೆ ಎರಡಾಣೆಯಂತೆ ವರ್ಷಕ್ಕೆ 45 ರೂಪಾಯಿ 10 ಆಣೆ, ಬಡ್ಡಿ ಬೇರೆ. ಒಟ್ಟಿಗೆ ಅಷ್ಟು ಹಣ ಕೂಡಿಡು ಎಂದರೆ ಕೂಲಿಯವನಿಗೆ ಸಾಧ್ಯವಾಗುತ್ತಿರಲಿಲ್ಲ. ದಿನವೂ ದುಡಿಯುವವನಿಂದ ದಿನವೂ ಪಡೆದದ್ದೇ ಇದರ ಗುಟ್ಟು.

ಹೀಗೆ ಹನಿಗೂಡಿ ಹಳ್ಳವಾಯಿತು. 1960ರ ದಶಕದಲ್ಲಿ ಹೆಸರು ಸಿಂಡಿಕೇಟ್ ಬ್ಯಾಂಕ್ ಎಂದು ಚಿಕ್ಕದಾಯಿತು, ಪ್ರಧಾನ ಕಚೇರಿ ಮಣಿಪಾಲಕ್ಕೆ ಹೋಯಿತು. 1969ರ ಜುಲೈ 19ರಂದು ಸರಕಾರ ರಾಷ್ಟ್ರೀಕರಿಸಿದ್ದು 50 ಕೋಟಿಗೆ ಕಡಿಮೆಯಿಲ್ಲದ ಠೇವಣಿಯಿದ್ದ 14 ಬ್ಯಾಂಕುಗಳನ್ನು. ಅವುಗಳಲ್ಲಿ ಇದೂ ಒಂದು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಸ್ಥಾಪಿಸಿದ ಕೆನರಾ ಬ್ಯಾಂಕು ಇನ್ನೊಂದು. 1975ರ ಅಕ್ಟೋಬರ್ 2ರಂದು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಆರಂಭವಾದ ದೇಶದ ಮೊದಲ ಗ್ರಾಮೀಣ ಬ್ಯಾಂಕು ‘ಪ್ರಥಮಾ’ಕ್ಕೂ ಸಿಂಡಿಕೇಟ್ ಬ್ಯಾಂಕೇ ಪ್ರಾಯೋಜಕ.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬೋರ್ಡು ಬದಲಾದಾಗ ನಮಗೂ ಮನಸ್ಸಿಗೆ ಕಸಿವಿಸಿಯಾಯಿತು. ಆದರೆ ‘ಪಿಗ್ಮಿ’ ಎಂಬ ಮಾತು ಅಳಿಯಲಿಲ್ಲ. ಇಂದಿಗೂ ಎಷ್ಟೋ ಸಹಕಾರ ಸಂಘಗಳಲ್ಲಿ ಅದೇ ಹೆಸರಿನಲ್ಲಿ ಠೇವಣಿ ನಡೆದಿದೆ.

ಇದರಿಂದ ನಾವು ಕಲಿಯಬೇಕಾದದ್ದೇನು? ಪಿಗ್ಮಿಯನ್ನು ಇದ್ದಂತೆಯೇ ತಂದರೆ ನಮಗೆ ಹೊಂದದು. ಕೂಲಿಯವನಿಗೆ ದಿನವೂ ಆದಾಯ, ನಮಗೆ ವರ್ಷಕ್ಕೊಮ್ಮೆಯೋ ಎರಡು ಬಾರಿಯೋ. ಖರ್ಚು ಮಾತ್ರ ಹನ್ನೆರಡು ತಿಂಗಳು. ದುಡಿಯುವವನ ಕೈಗೆ ಹಣ ಬರುವ ಹೊತ್ತಿಗೇ ಉಳಿತಾಯ ಹಿಡಿಯಬೇಕೆಂಬ ತತ್ವ ಮಾತ್ರ ನಮಗೂ ಒಂದೇ. ನಮಗೆ ಆ ಹೊತ್ತು ಮಾರಾಟದ ದಿನ.

ಅದಕ್ಕಾಗಿ ಆಡಳಿತ ಮಂಡಳಿಯ ಮುಂದೆ ಒಂದು ಸಲಹೆ ಇಟ್ಟಿದ್ದೇವೆ. ಒಪ್ಪಿದ ಸದಸ್ಯರ ಪ್ರತಿ ಮಾರಾಟದ ಬಿಲ್ಲಿನಲ್ಲಿ ನೂರಕ್ಕೆ ಹತ್ತು ರೂಪಾಯಿ ಹಿಡಿದು ಅವರದೇ ಹೆಸರಿನಲ್ಲಿ ಠೇವಣಿ ಇಡುವುದು. ಮೇ ಕೊನೆಗೆ ಬಡ್ಡಿ ಸಮೇತ ಹಿಂತಿರುಗಿಸುವುದು. ಬಲವಂತವೇನೂ ಇಲ್ಲ. ನೂರಕ್ಕೆ ಹತ್ತು ಹೆಚ್ಚಾಯಿತೆನ್ನುವವರು ಐದರಿಂದ ಆರಂಭಿಸಲಿ. ಎರಡಾಣೆಯೂ ಸಣ್ಣದೇ ಆಗಿತ್ತು.

ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿದೆ. ತಪ್ಪದೆ ಬಂದು ಅಭಿಪ್ರಾಯ ತಿಳಿಸಬೇಕೆಂದು ವಿನಂತಿ.