ರಕ್ತದಾನಿಗಳಲ್ಲಿ ಹೆಪಟೈಟಿಸ್ ‘ಬಿ’: ಅಂಕಿ-ಅಂಶಗಳು ತಿಳಿಸುವುದೇನು?

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಜನರಿಗೆ ಮಂಗನ ಕಾಯಿಲೆ ಚಿರಪರಿಚಿತ. ಅದು ತೀವ್ರ ಜ್ವರದೊಡನೆ ಬಂದು ತನ್ನ ಇರವನ್ನು ತಾನೇ ತೋರ್ಪಡಿಸುತ್ತದೆ. ಯಕೃತ್ತಿಗೆ ತಗಲುವ ಹೆಪಟೈಟಿಸ್ ‘ಬಿ’ ಸೋಂಕು ಹಾಗಲ್ಲ. ಅನೇಕರಲ್ಲಿ ಇದು ಯಾವ ಲಕ್ಷಣವನ್ನೂ ತೋರದೆ ಹಲವು ವರ್ಷ ಅಡಗಿರುತ್ತದೆ. ಇಂತಹ ಎಷ್ಟೋ ಮಂದಿಗೆ ತಮ್ಮ ಸೋಂಕಿನ ವಿಷಯ ಮೊದಲು ತಿಳಿಯುವುದು ರಕ್ತದಾನ ಮಾಡಿದಾಗಲೇ.

ಪತ್ತೆ ಹಚ್ಚುವ ಬಗೆ

ಈ ವೈರಾಣುವಿನ ಮೇಲ್ಮೈ ಪ್ರತಿಜನಕವನ್ನು ಡಾ. ಬರೂಕ್ ಬ್ಲಂಬರ್ಗ್ ಅವರು 1960ರ ದಶಕದಲ್ಲಿ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಗುರುತಿಸಿದರು. 1976ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇಂದು ರಕ್ತನಿಧಿಗಳಲ್ಲಿ ಸಂಗ್ರಹವಾಗುವ ಪ್ರತಿಯೊಂದು ಚೀಲದ ರಕ್ತವನ್ನೂ ಈ ಪರೀಕ್ಷೆಗೆ ಒಳಪಡಿಸಲಾಗುತ್ತದೆ. ಸೋಂಕು ಕಂಡುಬಂದ ರಕ್ತವನ್ನು ರೋಗಿಗೆ ಕೊಡುವುದಿಲ್ಲ.

ದೇಶದಿಂದ ದೇಶಕ್ಕೆ ವ್ಯತ್ಯಾಸ

ಸೋಂಕುಳ್ಳವರು ನೂರಕ್ಕೆ 2ಕ್ಕಿಂತ ಕಡಿಮೆ ಇರುವ ನಾಡುಗಳು, 2ರಿಂದ 8ರವರೆಗೆ ಇರುವ ನಾಡುಗಳು, 8ಕ್ಕೂ ಮಿಕ್ಕಿದ ನಾಡುಗಳು ಎಂದು ಮೂರು ವರ್ಗಗಳನ್ನು ಮಾಡುವುದು ವಾಡಿಕೆ. ಭಾರತವನ್ನು ನಡುವಣ ವರ್ಗದಲ್ಲಿ ಸೇರಿಸುತ್ತ ಬಂದಿದ್ದಾರೆ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಸೋಂಕು ತಗಲುವ ವಯಸ್ಸು. ಹೆರಿಗೆಯ ವೇಳೆ ತಾಯಿಯಿಂದ ಸೋಂಕು ಪಡೆದ ನೂರು ಶಿಶುಗಳಲ್ಲಿ ಸುಮಾರು 90ರಲ್ಲಿ ಅದು ಶಾಶ್ವತವಾಗಿ ನೆಲೆಸುತ್ತದೆ. ವಯಸ್ಕರಲ್ಲಿ ಹೀಗಾಗುವುದು ನೂರಕ್ಕೆ ಐವರಿಗಿಂತಲೂ ಕಡಿಮೆ. ತೈವಾನ್ ದೇಶವು 1984ರಲ್ಲಿ ಶಿಶುಗಳಿಗೆ ಲಸಿಕೆ ಆರಂಭಿಸಿತು. ಅಲ್ಲಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 10ರಷ್ಟಿದ್ದ ಸೋಂಕು ಕಾಲಕ್ರಮೇಣ 1ಕ್ಕಿಂತ ಕೆಳಗಿಳಿಯಿತು.

ದಾನಿಗಳ ಲೆಕ್ಕವೇ ಊರಿನ ಲೆಕ್ಕವಲ್ಲ

ರಕ್ತದಾನಿಗಳು 18ರಿಂದ 65 ವರ್ಷದೊಳಗಿನ ಆರೋಗ್ಯವಂತರು. ಮಕ್ಕಳು ಮತ್ತು ಗರ್ಭಿಣಿಯರು ಅವರಲ್ಲಿ ಸೇರುವುದಿಲ್ಲ. ಸೋಂಕು ಇದೆಯೆಂದು ಮೊದಲೇ ತಿಳಿದವರನ್ನು ಕೈಬಿಡಲಾಗುತ್ತದೆ. ಪದೇ ಪದೇ ರಕ್ತ ಕೊಡುವ ಸ್ವಯಂಪ್ರೇರಿತ ದಾನಿಗಳಲ್ಲಿ ಸೋಂಕು ಸಾಮಾನ್ಯವಾಗಿ ಇನ್ನೂ ಕಡಿಮೆ. ಏಕೆಂದರೆ ಅವರು ಪ್ರತಿ ಸಲವೂ ಪರೀಕ್ಷೆಗೆ ಒಳಗಾದವರು. ಹಣಕ್ಕಾಗಿ ರಕ್ತ ಮಾರುವವರಿಂದ ಅಪಾಯ ಹೆಚ್ಚೆಂಬುದನ್ನು ಮನಗಂಡು, ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನಂತೆ 1998ರಿಂದ ಆ ಪದ್ಧತಿಯನ್ನು ನಿಷೇಧಿಸಲಾಗಿದೆ. ಆದ್ದರಿಂದ, ‘ನಮ್ಮೂರ ಶಿಬಿರದಲ್ಲಿ ಯಾರಿಗೂ ಸೋಂಕಿರಲಿಲ್ಲ’ ಎಂದು ಊರೆಲ್ಲ ನಿಶ್ಚಿಂತವಾಗಿರುವಂತಿಲ್ಲ.

ಸೋಂಕು ಕಂಡುಬಂದಲ್ಲಿ

ರಕ್ತನಿಧಿಯಿಂದ ಕರೆ ಬಂದರೆ ಅಂಜದೆ ಹೋಗಿ ವೈದ್ಯರನ್ನು ಕಾಣಬೇಕು. ಪತಿ, ಪತ್ನಿ ಮತ್ತು ಮಕ್ಕಳಿಗೂ ಪರೀಕ್ಷೆ ಮಾಡಿಸಬೇಕು. ಸೋಂಕು ಇಲ್ಲದವರು ಲಸಿಕೆ ಪಡೆಯಬೇಕು. ಕಾಮಾಲೆಗೆ ನಾಟಿ ಔಷಧ ಸೇವಿಸಿ ಕಣ್ಣಿನ ಹಳದಿ ಇಳಿಯಿತೆಂದರೆ ವೈರಾಣು ಅಳಿಯಿತೆಂದು ಭಾವಿಸಬಾರದು. ಅಲಕ್ಷಿಸಿದಲ್ಲಿ ಮುಂದೆ ಯಕೃತ್ತು ಗಡುಸಾಗಬಹುದು, ಕ್ಯಾನ್ಸರ್ ಸಹ ತಲೆದೋರಬಹುದು. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಔಷಧ ಉಚಿತ. ಒಟ್ಟಿಗೆ ಉಣ್ಣುವುದರಿಂದಾಗಲಿ, ಒಟ್ಟಿಗೆ ದುಡಿಯುವುದರಿಂದಾಗಲಿ ಈ ರೋಗ ಹರಡದು. ಸೋಂಕಿತರನ್ನು ದೂರವಿಡುವುದು ಸಲ್ಲದು.

ಗರ್ಭಿಣಿಯರು ತಪ್ಪದೆ ಈ ಪರೀಕ್ಷೆ ಮಾಡಿಸಿಕೊಳ್ಳಲಿ. ಮಗು ಹುಟ್ಟಿದ 24 ಗಂಟೆಗಳೊಳಗೆ ಮೊದಲ ಲಸಿಕೆಯನ್ನೂ, ಅನಂತರ 6, 10 ಮತ್ತು 14ನೆಯ ವಾರಗಳಲ್ಲಿ ಉಳಿದವನ್ನೂ ಹಾಕಿಸಿರಿ. ಇಂದಿನ ಶಿಶುವನ್ನು ರಕ್ಷಿಸಿದರೆ ನಾಳಿನ ರಕ್ತದಾನಿಯನ್ನೂ ರಕ್ಷಿಸಿದಂತೆ.